ನೋಡ್ ಆ್ಯಪ್ ಎಲ್ಲಾ ಕೋರ್‌ಗಳಲ್ಲೂ ಓಡಬೇಕಾ? ಹೀಗೆ ಮಾಡಿ

ಎಂಟು ಕೋರ್‌ನ ಸರ್ವರ್‌ನಲ್ಲಿ ಒಂದು ನೋಡ್ (Node.js, ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ) ಆ್ಯಪ್ ಓಡಿಸಿ, ಲೋಡ್ ಬಿದ್ದಾಗ ಯಾವ ಕೋರ್ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಎಚ್‌ಟಾಪ್ ತೆರೆದು ನೋಡಿ. ಹೆಚ್ಚುಕಡಿಮೆ ಒಂದೇ ಕೋರ್ ಏದುಸಿರು ಬಿಡುತ್ತಿರುತ್ತದೆ, ಉಳಿದ ಏಳು ಸುಮ್ನೆ ಕೂತಿರುತ್ತವೆ. ನಿಮ್ಮ ಜಾವಾಸ್ಕ್ರಿಪ್ಟ್ ಓಡುವುದು ಒಂದೇ ಥ್ರೆಡ್‌ನಲ್ಲಿ, ಅದಕ್ಕೇ ಹೀಗೆ.

ನೋಡ್‌ನಲ್ಲೇ ಕ್ಲಸ್ಟರ್ ಅಂತ ಒಂದು ಮಾಡ್ಯೂಲ್ ಇದೆ, ಬೇರೇನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಫೈಲ್ ಶುರುವಿನಲ್ಲೇ ಇದು ಪ್ರೈಮರಿ (ಮೊದಲು ಶುರುವಾದ, ಮುಖ್ಯ) ಪ್ರೊಸೆಸ್ಸಾ ಎಂದು ಇಸ್‌ಪ್ರೈಮರಿಯಿಂದ ನೋಡಿಕೊಳ್ಳಿ (16ಕ್ಕಿಂತ ಹಳೆಯ ನೋಡ್ ಆದರೆ ಇಸ್‌ಮಾಸ್ಟರ್). ಹೌದಾದರೆ ಎಷ್ಟು ಕೋರ್ ಇವೆಯೋ ಅಷ್ಟು ಸಲ ಫೋರ್ಕ್ ಮಾಡಿ, ಅಂದರೆ ಆ್ಯಪ್‌ನ ಅಷ್ಟು ಪ್ರತಿಗಳನ್ನು (ವರ್ಕರ್‌ಗಳನ್ನು) ಹುಟ್ಟಿಸಿ. ಅಲ್ಲವಾದರೆ ಎಂದಿನಂತೆ ಸರ್ವರ್ ಶುರುಮಾಡಿ. ಎಲ್ಲಾ ವರ್ಕರ್‌ಗಳೂ 3000 ಪೋರ್ಟನ್ನೇ ಕೇಳಿದರೂ ಜಗಳ ಆಗುವುದಿಲ್ಲ, ಯಾಕೆಂದರೆ ಪೋರ್ಟ್ ಹಿಡಿದಿರುವುದು ಪ್ರೈಮರಿ, ಬಂದ ಕನೆಕ್ಷನ್‌ಗಳನ್ನು ಅದು ಸರದಿಯಂತೆ ವರ್ಕರ್‌ಗಳಿಗೆ ಹಂಚುತ್ತದೆ. ವಿಂಡೋಸ್‌ನಲ್ಲಿ ಮಾತ್ರ ಹಂಚುವ ಕೆಲಸ ಓಎಸ್‌ನದು.

ವರ್ಕರ್ ಸತ್ತರೆ ಎಕ್ಸಿಟ್ ಇವೆಂಟ್ ಬರುತ್ತದೆ, ಅಲ್ಲಿ ಹೊಸದನ್ನು ಫೋರ್ಕ್ ಮಾಡಿ. ಒಂದೆರಡು ಸೆಕೆಂಡು ತಡೆದು ಮಾಡಿ. ಕಾನ್ಫಿಗ್ ತಪ್ಪಿದ್ದರೆ ವರ್ಕರ್ ಹುಟ್ಟಿದ ಕೂಡಲೇ ಸಾಯುತ್ತದೆ, ತಡೆಯದಿದ್ದರೆ ಹುಟ್ಟು ಸಾವು ನಿಲ್ಲದೆ ನಡೆದು ಲಾಗ್ ತುಂಬಿಹೋಗುತ್ತದೆ.

ಇಷ್ಟು ಸುಲಭ. ಏಟು ಬೀಳುವುದು ಮೆಮೊರಿಯಲ್ಲಿ. ಒಂದು ವರ್ಕರ್‌ನ ವೇರಿಯೇಬಲ್ ಇನ್ನೊಂದಕ್ಕೆ ಕಾಣುವುದಿಲ್ಲ. ನಾನು ಮೊದಲ ಸಲ ಕ್ಲಸ್ಟರ್ ಹಾಕಿದಾಗ ಸೆಷನ್‌ಗಳು (ಯಾರು ಲಾಗಿನ್ ಆಗಿದ್ದಾರೆ ಎಂಬ ದಾಖಲೆ) ಮೆಮೊರಿಯಲ್ಲೇ ಇದ್ದವು. ಲಾಗಿನ್ ಆಗಿ ತಕ್ಷಣ ರಿಫ್ರೆಶ್ ಮಾಡಿದರೆ ಎಲ್ಲಾ ಸರಿ, ಸ್ವಲ್ಪ ಹೊತ್ತು ಬಿಟ್ಟು ಮಾಡಿದರೆ ಮತ್ತೆ ಲಾಗಿನ್ ಪೇಜು! ಹಳೆಯ ಕನೆಕ್ಷನ್ ತೆರೆದಿರುವವರೆಗೂ ಅದೇ ವರ್ಕರ್ ಸಿಗುತ್ತಿತ್ತು, ಅದು ಮುಚ್ಚಿದ ಮೇಲೆ ಬೇರೊಂದಕ್ಕೆ ಹೋಗುತ್ತಿತ್ತು, ಅದಕ್ಕೆ ನನ್ನ ಗುರುತೇ ಇಲ್ಲ, ಅಲ್ವಾ. ಇದು ಹೊಳೆಯಲು ಅರ್ಧ ದಿನ ಹಿಡಿಯಿತು. ಸೆಷನ್, ಕ್ಯಾಶ್, ರೇಟ್ ಲಿಮಿಟ್ ಲೆಕ್ಕ ಎಲ್ಲವನ್ನೂ ಮೊದಲೇ ರೆಡಿಸ್‌ಗೆ (ಎಲ್ಲಾ ವರ್ಕರ್‌ಗಳಿಗೂ ಸಿಗುವ ಹೊರಗಿನ ಡೇಟಾ ಸ್ಟೋರ್) ಸಾಗಿಸಿ, ಆಮೇಲೆ ಫೋರ್ಕ್ ಮಾಡಿ.

ಡೇಟಾಬೇಸ್ ಪೂಲ್ (ಮತ್ತೆ ಮತ್ತೆ ಬಳಸಲು ತೆರೆದಿಟ್ಟ ಕನೆಕ್ಷನ್‌ಗಳ ಗುಂಪು) ಕೂಡ ವರ್ಕರ್‌ಗೆ ಒಂದೊಂದು. ಪೂಲ್ ಮಿತಿ 20 ಇದ್ದು ಎಂಟು ವರ್ಕರ್ ಇದ್ದರೆ 160 ಕನೆಕ್ಷನ್‌ವರೆಗೂ ಹೋಗಬಹುದು, ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಮಾಮೂಲಿ ಮಿತಿ 100. ಪೂಲ್ 10ಕ್ಕೆ ಇಳಿಸಿ. ರಾತ್ರಿ ಮೇಲ್ ಕಳಿಸುವಂಥ ಟೈಮರ್ ಇದ್ದರೆ ಅದನ್ನು ವರ್ಕರ್‌ನಲ್ಲಿ ಇಡಬೇಡಿ, ಒಬ್ಬರಿಗೇ ಎಂಟು ಮೇಲ್ ಹೋಗುತ್ತದೆ.

ಕೊನೆಗೆ, ರೆಸ್ಪಾನ್ಸ್‌ನಲ್ಲಿ ಪ್ರೊಸೆಸ್ ಐಡಿ ಸೇರಿಸಿ ಕರ್ಲ್ ಎಂಬ ಕಮಾಂಡ್‌ನಿಂದ ಹತ್ತು ಸಲ ಕರೆಯಿರಿ. ಬ್ರೌಸರ್ ಬೇಡ, ಅದು ಹಳೆಯ ಕನೆಕ್ಷನ್ನನ್ನೇ ಹಿಡಿದುಕೊಂಡಿರುತ್ತದೆ. ಐಡಿ ಬದಲಾಗುತ್ತಾ ಬಂದರೆ ಹಂಚಿಕೆ ನಡೆಯುತ್ತಿದೆ.