ಕ್ಯಾಲಿಫೋರ್ನಿಯಾದ ಹೈಸ್ಪೀಡ್ ರೈಲು: ನಿಮ್ಮ ಪ್ರಶ್ನೆಗೆ ಉತ್ತರ ಬರಬೇಕಾದರೆ

2019ರ ಬೇಸಿಗೆಯಲ್ಲಿ ಮಾವ ಅರಸೀಕೆರೆಯಿಂದ ಸ್ಯಾನ್ ಹೋಸೆಗೆ ಬಂದಿದ್ದರು. ಸ್ಟೇಷನ್ ಮಾಸ್ಟರ್ ಆಗಿ ನಿವೃತ್ತರಾದವರು. ಹೈಸ್ಪೀಡ್ ರೈಲಿನ ಬಗ್ಗೆ ಊರವರಿಗೆ ತಿಳಿಸಲು ಓಪನ್ ಹೌಸ್ ಇಟ್ಟಿದ್ದಾರೆ ಎಂದು ಹೇಳಿದ್ದೇ ತಡ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟೇಬಿಟ್ಟರು. ಹಾಲ್ ಒಳಗೆ ಹೋಗಿ ಸುತ್ತ ಕಣ್ಣಾಡಿಸಿದರು. ವೇದಿಕೆ ಇಲ್ಲ. ಮೈಕ್ ಇಲ್ಲ. ನೀರಿನ ಬಾಟ್ಲಿ ಸಾಲಾಗಿ ಇಟ್ಟ ಮೇಜೂ ಇಲ್ಲ. ಗೋಡೆಯುದ್ದಕ್ಕೂ ಬೋರ್ಡುಗಳು, ನಡುವೆ ಮಂಚದಷ್ಟು ದೊಡ್ಡ ನಕ್ಷೆ, ಅದರ ಮೇಲೆ ಜನ ಅಂಟಿಸಿದ ಹಳದಿ ಚೀಟಿಗಳು.

"ಅಳಿಯಂದ್ರೇ, ಡಿಸಿ ಸಾಹೇಬ್ರು ಎಷ್ಟು ಗಂಟೆಗೆ ಬರ್ತಾರೆ?" ಅಂದರು.

ಅವರ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ನಮ್ಮ ಕಡೆ ಸಾರ್ವಜನಿಕ ಅಹವಾಲು ಸಭೆ ಎಂದರೆ ಶಾಮಿಯಾನ, ಡಿಸಿ ಅಧ್ಯಕ್ಷತೆ, ಪಕ್ಕದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯವರು, ಎದುರಿಗೆ ಕೂಗಾಟ. ಅದೂ ಕಾರ್ಖಾನೆಗೋ ಗಣಿಗೋ ಹೆದ್ದಾರಿಗೋ. 2006ರ ಪರಿಸರ ಅಧಿಸೂಚನೆಯ ಪಟ್ಟಿಯಲ್ಲಿ ರೈಲು ಮಾರ್ಗಗಳೇ ಇಲ್ಲ. ಹಾಗಾಗಿ ಜೀವಮಾನವೆಲ್ಲ ರೈಲ್ವೆಯಲ್ಲಿ ಕಳೆದ ಮನುಷ್ಯ ರೈಲಿಗಾಗಿ ನಡೆಯುವ ಅಹವಾಲು ಸಭೆಯನ್ನು ಒಮ್ಮೆಯೂ ನೋಡಿರಲಿಲ್ಲ.

ಇಲ್ಲಿ ಕ್ರಮವೇ ಬೇರೆ. ಗಲಾಟೆಗೆ ಅಷ್ಟು ಬೆಲೆ ಇಲ್ಲ, ಕಾಗದಕ್ಕೆ ಬೆಲೆ ಜಾಸ್ತಿ. ಅದೂ ಸರಿಯಾದ ಹೊತ್ತಿನಲ್ಲಿ ಕೊಟ್ಟ ಕಾಗದಕ್ಕೆ. ಇದು ಗೊತ್ತಿಲ್ಲದೆ ನಾನು ಒಂದು ಅವಕಾಶ ಕಳೆದುಕೊಂಡೆ. ನೀವು ಕಳೆದುಕೊಳ್ಳದಿರಲಿ ಎಂದು ಬರೆಯುತ್ತಿದ್ದೇನೆ.

ಮೊದಲು ಹಿನ್ನೆಲೆ ಸ್ವಲ್ಪ. ಈ ಯೋಜನೆ ನೋಡಿಕೊಳ್ಳುವುದು ಕ್ಯಾಲಿಫೋರ್ನಿಯಾ ಹೈಸ್ಪೀಡ್ ರೈಲ್ ಅಥಾರಿಟಿ. 1996ರಲ್ಲಿ ಶುರುವಾದ ರಾಜ್ಯ ಸರ್ಕಾರದ ಸಂಸ್ಥೆ. 2008ರ ನವೆಂಬರ್‌ನಲ್ಲಿ ಮತದಾರರು ಪ್ರೊಪೊಸಿಷನ್ 1ಎಗೆ ಒಪ್ಪಿಗೆ ಕೊಟ್ಟರು, 9.95 ಬಿಲಿಯನ್ ಡಾಲರ್ ಸಾಲಪತ್ರಕ್ಕೆ ದಾರಿಯಾಯಿತು. ಸ್ಯಾನ್ ಫ್ರಾನ್ಸಿಸ್ಕೋದಿಂದ ಲಾಸ್ ಏಂಜಲೀಸ್‌ಗೆ 2 ಗಂಟೆ 40 ನಿಮಿಷದಲ್ಲಿ ಓಡುವಂತೆ ಮಾರ್ಗ ಕಟ್ಟಬೇಕು ಎಂದು ಅದೇ ಕಾನೂನಿನಲ್ಲಿದೆ. 2015ರ ಜನವರಿಯಲ್ಲಿ ಫ್ರೆಸ್ನೋದಲ್ಲಿ ಗುದ್ದಲಿ ಪೂಜೆಯೂ ಆಯಿತು. ದುಡ್ಡು ಎಷ್ಟು, ಯಾವಾಗ ಮುಗಿಯುತ್ತೆ ಅನ್ನುವ ಜಗಳ ಬೇರೆಯದು. ಅದನ್ನು ಹಿಡಿದರೆ ಇವತ್ತಿಗೆ ಮುಗಿಯಲ್ಲ.

ಆ 2008ರ ಮತ ಹಾಕಲು ಪೌರತ್ವ ಬೇಕಿತ್ತು. ಯೋಜನೆಯ ಬಗ್ಗೆ ಕಾಮೆಂಟ್ ಕೊಡಲು ಅದು ಬೇಡ. ಎಚ್-1ಬಿ ಇರಲಿ, ಗ್ರೀನ್ ಕಾರ್ಡ್ ಇರಲಿ, ಆರು ತಿಂಗಳಿಗೆಂದು ಬಂದ ಅಪ್ಪ ಅಮ್ಮ ಇರಲಿ, ಯಾರು ಬೇಕಾದರೂ ಬರೆಯಬಹುದು. ಮನೆ ಬಾಡಿಗೆಯದೋ ಸ್ವಂತದ್ದೋ ಎಂದೂ ಕೇಳುವುದಿಲ್ಲ. "ನಾವು ವೀಸಾದಲ್ಲಿದ್ದೀವಿ, ನಮಗ್ಯಾಕೆ ಸುಮ್ನೆ" ಎನ್ನುವ ಮಾತನ್ನು ನಮ್ಮವರ ಬಾಯಲ್ಲಿ ತುಂಬಾ ಸಲ ಕೇಳಿದ್ದೇನೆ. ಒಂದು ಎಚ್ಚರಿಕೆ ಮಾತ್ರ: ಬರೆದದ್ದೆಲ್ಲ ಸಾರ್ವಜನಿಕ ದಾಖಲೆ. ನಿಮ್ಮ ಪತ್ರ ಹೆಸರಿನ ಸಮೇತ ಅಚ್ಚಾಗಬಹುದು. ಫೋನ್ ನಂಬರು, ವೀಸಾ ವಿವರ, ಮಕ್ಕಳ ಹೆಸರು ಹಾಕಬೇಡಿ.

ಈಗ ಎರಡು ಪರಿಸರ ಕಾನೂನುಗಳ ವಿಷಯ. ಅಮೆರಿಕದ ಕೇಂದ್ರ ಸರ್ಕಾರದ್ದು ನೀಪಾ, 1970ರ ಜನವರಿ 1ರಂದು ಬಂದದ್ದು. ರಾಜ್ಯದ್ದು ಸೀಕ್ವಾ, ಅದೂ 1970ರದ್ದೇ. ದೊಡ್ಡ ಯೋಜನೆ ಮಾಡುವ ಮೊದಲು ಅದರಿಂದ ಏನೇನು ಹಾನಿ, ಅದನ್ನು ಹೇಗೆ ತಗ್ಗಿಸುತ್ತೀರಿ, ಬೇರೆ ದಾರಿ ಯಾವುದು ಎಂದು ಬರೆದು ಜನರ ಮುಂದಿಡಬೇಕು. ಆ ವರದಿಗೆ ರಾಜ್ಯದ ಭಾಷೆಯಲ್ಲಿ ಇಐಆರ್, ಕೇಂದ್ರದ ಭಾಷೆಯಲ್ಲಿ ಇಐಎಸ್. ಹೈಸ್ಪೀಡ್ ರೈಲಿಗೆ ಎರಡನ್ನೂ ಸೇರಿಸಿ ಒಂದೇ ದಪ್ಪ ಪುಸ್ತಕ ಮಾಡುತ್ತಾರೆ. ಇಡೀ ಮಾರ್ಗಕ್ಕೆ ಒಂದೇ ಅಲ್ಲ, ತುಂಡು ತುಂಡಾಗಿ: ಸ್ಯಾನ್ ಫ್ರಾನ್ಸಿಸ್ಕೋ–ಸ್ಯಾನ್ ಹೋಸೆ ಒಂದು, ಸ್ಯಾನ್ ಹೋಸೆ–ಮರ್ಸೆಡ್ ಇನ್ನೊಂದು, ಹೀಗೆ. ನಿಮ್ಮ ಮನೆ ಯಾವ ತುಂಡಿಗೆ ಬರುತ್ತದೆ ಎಂದು ಮೊದಲು ನೋಡಿಕೊಳ್ಳಿ.

ಶುರುವಿನಲ್ಲಿ ಸ್ಕೋಪಿಂಗ್ ನಡೆಯುತ್ತದೆ. ಏನನ್ನು ಅಧ್ಯಯನ ಮಾಡಬೇಕು ಎಂದು ಕೇಳುವ ಹಂತ. ಆಮೇಲೆ ವರ್ಷಗಟ್ಟಲೆ ಸದ್ದಿಲ್ಲ. ನಡುವೆ ಓಪನ್ ಹೌಸ್, ಬಡಾವಣೆಯವರ ಕಾರ್ಯಗುಂಪಿನ ಸಭೆ. ನಂತರ ಕರಡು ವರದಿ ಬರುತ್ತದೆ. ಅಲ್ಲಿಂದ ಕನಿಷ್ಠ 45 ದಿನ ಜನ ಬರೆಯಬಹುದು. ಈ 45 ದಿನವೇ ಬಾಗಿಲು. ಉಳಿದದ್ದೆಲ್ಲ ಜಗುಲಿ.

ಓಪನ್ ಹೌಸ್‌ನಲ್ಲಿ ನಾವು ಎಡವಿದ್ದು ಇಲ್ಲೇ. ಮಾವ ನಕ್ಷೆಯ ಮೇಲೆ ಬಗ್ಗಿ, ಮಾಂಟೆರೇ ರಸ್ತೆಯ ಪಕ್ಕದ ಹಳಿಯ ಮೇಲೆ ಬೆರಳಿಟ್ಟರು. ಸ್ಯಾನ್ ಹೋಸೆಯಿಂದ ಗಿಲ್‌ರಾಯ್‌ವರೆಗೆ ಈಗಿರುವ ರೈಲು ದಾರಿಯಲ್ಲೇ, ನೆಲಮಟ್ಟದಲ್ಲೇ, ಗಂಟೆಗೆ 110 ಮೈಲಿವರೆಗಿನ ವೇಗದಲ್ಲಿ ಓಡಿಸುವ ಆಯ್ಕೆ ಅದು, ಪರಿಶೀಲನೆಯಲ್ಲಿದ್ದವುಗಳಲ್ಲಿ ನಾಲ್ಕನೆಯದು. ಆ ಸೆಪ್ಟೆಂಬರ್‌ನಲ್ಲಿ ಅಥಾರಿಟಿ ಮೆಚ್ಚಿಕೊಂಡದ್ದೂ ಅದನ್ನೇ. ಅಂದರೆ ರಸ್ತೆ ದಾಟುವ ಕಡೆ ಲೆವೆಲ್ ಕ್ರಾಸಿಂಗ್ ಉಳಿಯುತ್ತದೆ. ಮಾವನಿಗೆ ಅಷ್ಟು ಸಾಕಾಯಿತು.

"ಗೇಟ್ ಹಾಕಿದಾಗ ಫೈರ್ ಎಂಜಿನ್ ಆ ಕಡೆಗೆ ಹೇಗೆ ಹೋಗುತ್ತೆ ಕೇಳಿ. ದಿನಕ್ಕೆ ಎಷ್ಟು ಸಲ ಗೇಟ್ ಬೀಳುತ್ತೆ, ಒಂದೊಂದು ಸಲ ಎಷ್ಟು ಹೊತ್ತು, ಅದನ್ನೂ ಕೇಳಿ."

ಬೋರ್ಡಿನ ಪಕ್ಕ ನಿಂತಿದ್ದ ಹುಡುಗಿಗೆ ಅನುವಾದಿಸಿ ಹೇಳಿದೆ. ಒಳ್ಳೆಯ ಪ್ರಶ್ನೆ, ಕರಡು ಬಂದಾಗ ಬರೆದು ಕಳಿಸಿ ಎಂದಳು. ಸಾಗಹಾಕುತ್ತಿದ್ದಾಳೆ ಅಂದುಕೊಂಡೆ. ಇಲ್ಲ, ಅವಳು ಹೇಳಿದ್ದು ಅಕ್ಷರಶಃ ನಿಜ. ಓಪನ್ ಹೌಸ್‌ನ ಚೀಟಿಗೆ ಉತ್ತರ ಕೊಡಲೇಬೇಕೆಂಬ ಕಟ್ಟುಪಾಡಿಲ್ಲ. ಕರಡಿನ ಗಡುವಿನೊಳಗೆ ಬಂದ ಕಾಮೆಂಟಿಗೆ ಇದೆ.

ನಮ್ಮ ಸ್ಯಾನ್ ಹೋಸೆ–ಮರ್ಸೆಡ್ ತುಂಡಿನ ಕರಡು ಬಂದದ್ದು 2020ರ ಏಪ್ರಿಲ್ 24ರಂದು, ಕೋವಿಡ್‌ನ ನಡುವೆ. ವರದಿಯ ಪ್ರತಿ ನೋಡೋಣವೆಂದರೆ ಲೈಬ್ರರಿಗಳಿಗೆ ಬೀಗ. ಜೂನ್ 8ಕ್ಕೆ ಇದ್ದ ಗಡುವನ್ನು ಜೂನ್ 23ಕ್ಕೆ ಮುಂದೂಡಿದರು. ಗಡುವು ಮುಂದೂಡಿ ಎಂದು ಕೇಳುವುದೂ ಒಂದು ಹಕ್ಕು ಎನ್ನುವುದು ನೆನಪಿರಲಿ, ಬಹಳ ಸಲ ಕೆಲಸ ಆಗುತ್ತದೆ.

ಸಾವಿರಾರು ಪುಟ ನೋಡಿ ಹೆದರಬೇಡಿ. ಯಾರೂ ಪೂರ್ತಿ ಓದುವುದಿಲ್ಲ. ಸಾರಾಂಶ ಓದಿ, ಆಮೇಲೆ ನಿಮಗೆ ಬೇಕಾದ ಅಧ್ಯಾಯಕ್ಕೆ ನೇರ ಹೋಗಿ. ಈ ವರದಿಗಳಲ್ಲಿ 3.2 ಅಂದರೆ ಸಾರಿಗೆ, 3.4 ಶಬ್ದ ಮತ್ತು ಕಂಪನ, 3.11 ಸುರಕ್ಷತೆ. ಜೊತೆಗೆ ನಕ್ಷೆಗಳ ಸಂಪುಟ ಬೇರೆ ಇರುತ್ತದೆ, ನಿಮ್ಮ ಬೀದಿ ಹುಡುಕಿಕೊಳ್ಳಲು ಅದೇ ಒಳ್ಳೆಯದು.

ನಾನು ರಾತ್ರಿ ಕೂತು ಒಂದೂವರೆ ಪುಟ ಬರೆದೆ. ನಮ್ಮ ಬಡಾವಣೆಯ ನೆಮ್ಮದಿ ಹಾಳಾಗುತ್ತದೆ, ಮನೆ ಬೆಲೆ ಬೀಳುತ್ತದೆ, ನಾನು ಇದನ್ನು ಕಟುವಾಗಿ ವಿರೋಧಿಸುತ್ತೇನೆ ಅಂತೆಲ್ಲ. ಇಂಗ್ಲಿಷ್ ಚೆನ್ನಾಗಿಯೇ ಇತ್ತು. ಅಷ್ಟರಲ್ಲಿ ಮಾವ ಅರಸೀಕೆರೆಯಿಂದ ವಾಟ್ಸಾಪ್‌ನಲ್ಲಿ ನೆನಪಿಸಿದರು. ಅವರ ಪ್ರಶ್ನೆಯನ್ನು ನಾಲ್ಕೇ ಸಾಲಿನಲ್ಲಿ, ಅವರ ಹೆಸರಲ್ಲಿ, ಬೇರೆಯಾಗಿ ಕಳಿಸಿದೆ.

ಅಂತಿಮ ವರದಿ ಬಂದದ್ದು 2022ರ ಫೆಬ್ರವರಿಯಲ್ಲಿ. ಅದರಲ್ಲಿ ಬಂದ ಪತ್ರಗಳನ್ನೆಲ್ಲ ಹಾಕಿರುತ್ತಾರೆ. ಪ್ರತಿ ಪತ್ರಕ್ಕೆ ಒಂದು ನಂಬರು, ಪತ್ರದೊಳಗಿನ ಪ್ರತಿ ಅಂಶದ ಪಕ್ಕ ಗೆರೆ ಎಳೆದು ಇನ್ನೊಂದು ನಂಬರು, ಅದೇ ನಂಬರಿನಡಿ ಉತ್ತರ. ನಮ್ಮ ಪರೀಕ್ಷೆ ಪೇಪರ್ ತಿದ್ದಿದ ಹಾಗೆ. ನನ್ನ ಒಂದೂವರೆ ಪುಟಕ್ಕೆ ಸಿಕ್ಕಿದ್ದು ಹೆಚ್ಚುಕಡಿಮೆ ಒಂದು ಸಾಲು: ನಿಮ್ಮ ವಿರೋಧವನ್ನು ಗಮನಿಸಲಾಗಿದೆ. ಮಾವನ ನಾಲ್ಕು ಸಾಲಿಗೆ ಗೇಟ್ ಬೀಳುವ ಹೊತ್ತು, ಅಗ್ನಿಶಾಮಕ ವಾಹನ ತಡವಾಗುವ ಸಾಧ್ಯತೆ, ಅದಕ್ಕೆ ಪರಿಹಾರವಾಗಿ ಸಿಗ್ನಲ್‌ನಲ್ಲಿ ಆದ್ಯತೆ ಕೊಡುವ ಏರ್ಪಾಡು, ಎಲ್ಲದರ ವಿವರ. ಹೆಂಡತಿ ಒಂದು ವಾರ ಆಡಿಕೊಂಡಳು.

ಏಕೆ ಹೀಗೆ? ವಿರೋಧ ಎನ್ನುವುದು ಅಭಿಪ್ರಾಯ. ಅದಕ್ಕೆ ಉತ್ತರ ಕೊಡುವಂಥದ್ದೇನಿಲ್ಲ. ಪರಿಸರದ ಮೇಲಿನ ಪರಿಣಾಮದ ಬಗ್ಗೆ ಖಚಿತವಾದ ಪ್ರಶ್ನೆ ಕೇಳಿದರೆ ಕಾರಣ ಸಮೇತ ಉತ್ತರ ಬರೆಯಲೇಬೇಕು. ಮನೆ ಬೆಲೆ ಬೀಳುವುದನ್ನು ಸೀಕ್ವಾ ಪರಿಸರ ಪರಿಣಾಮ ಎಂದು ಎಣಿಸುವುದಿಲ್ಲ. ಟ್ರಾಫಿಕ್ ಜಾಮ್‌ನಲ್ಲಿ ಹತ್ತು ನಿಮಿಷ ಜಾಸ್ತಿ ಕಾಯುವುದನ್ನೂ ಈಗ ಎಣಿಸುವುದಿಲ್ಲ. ವಾಹನಗಳು ಒಟ್ಟು ಎಷ್ಟು ಮೈಲಿ ಓಡುತ್ತವೆ ಎನ್ನುವುದೇ ಅಳತೆ. ಆದರೆ ಫೈರ್ ಎಂಜಿನ್ ತಡವಾಗುವುದು, ರಾತ್ರಿ ಹಾರ್ನ್ ಶಬ್ದ, ಕಂಪನ, ಧೂಳು, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಪುಟ ಸಂಖ್ಯೆ ಹಾಕಿ, "ಇಲ್ಲಿ ಹೀಗೆ ಹೇಳಿದ್ದೀರಿ, ನಮ್ಮ ಕ್ರಾಸಿಂಗ್ ಅದರಲ್ಲಿ ಸೇರಿದೆಯೇ?" ಎಂದು ಕೇಳಿ. ಮಾದರಿ ಪತ್ರಕ್ಕೆ ಐನೂರು ಜನರ ಸಹಿ ಹಾಕಿಸಿದರೂ ಉತ್ತರ ಒಂದೇ ಬರುತ್ತದೆ. ಐದು ಬೇರೆ ಬೇರೆ ಪ್ರಶ್ನೆ ಕೇಳಿದರೆ ಐದು ಉತ್ತರ.

ಇನ್ನೊಂದು ಕಾರಣಕ್ಕೂ ಈಗಲೇ ಬರೆಯಬೇಕು. ಮುಂದೆ ಯಾರಾದರೂ ಸೀಕ್ವಾ ಅಡಿ ಕೋರ್ಟಿಗೆ ಹೋಗುವುದಾದರೆ, ಆ ಅಂಶವನ್ನು ಒಪ್ಪಿಗೆ ಸಿಗುವ ಮೊದಲು ಯಾರಾದರೂ ಎತ್ತಿರಬೇಕು. ಯಾರೂ ಎತ್ತದ ತಕರಾರನ್ನು ನ್ಯಾಯಾಧೀಶರು ಕೇಳುವುದಿಲ್ಲ. ಒಪ್ಪಿಗೆಯ ನೋಟಿಸ್ ಹಾಕಿದ ಮೇಲೆ ಸಿಗುವುದು ಬರೀ 30 ದಿನ.

ಇದರಿಂದ ಏನಾದರೂ ಬದಲಾಗುತ್ತಾ? ಪೆನಿನ್ಸುಲಾ, ಅಂದರೆ ಸ್ಯಾನ್ ಫ್ರಾನ್ಸಿಸ್ಕೋ–ಸ್ಯಾನ್ ಹೋಸೆ ನಡುವಿನ ಕಡೆಯ ಕಥೆ ಕೇಳಿ. ಮೊದಲ ಯೋಚನೆ ನಾಲ್ಕು ಹಳಿ, ಕೆಲವು ಕಡೆ ಎತ್ತರದ ಮೇಲ್ಸೇತುವೆ. ಊರನ್ನು ಎರಡು ತುಂಡು ಮಾಡುವ ಗೋಡೆ ಎಂದು ಜನ ಸಿಟ್ಟಾದರು. 2008ರಲ್ಲಿ ಅಲ್ಲಿನ ಆಥರ್ಟನ್ ಮತ್ತು ಮೆನ್ಲೋ ಪಾರ್ಕ್ ಊರುಗಳು ಕೋರ್ಟಿಗೆ ಹೋದವು. ಸ್ಯಾನ್ ಹೋಸೆ–ಗಿಲ್‌ರಾಯ್ ನಡುವೆ ತನ್ನ ಜಾಗ ಹಂಚಿಕೊಳ್ಳಲು ಯೂನಿಯನ್ ಪೆಸಿಫಿಕ್ ಎಂಬ ಸರಕು ರೈಲು ಕಂಪನಿ ಒಪ್ಪದಿರುವುದನ್ನು ವರದಿ ಸರಿಯಾಗಿ ಗಮನಿಸಿಲ್ಲ ಎಂದು 2009ರಲ್ಲಿ ಕೋರ್ಟು ಹೇಳಿತು. ಅಥಾರಿಟಿ ವರದಿಯನ್ನು ಹಿಂದಕ್ಕೆ ತೆಗೆದುಕೊಂಡು ಮತ್ತೆ ಬರೆಯಬೇಕಾಯಿತು. ವರದಿ ಆರಿಸಿದ್ದ ಪಾಚೆಕೋ ಕಣಿವೆಯ ದಾರಿ ಮಾತ್ರ ಬದಲಾಗಲಿಲ್ಲ. ಆದರೆ 2011ರಲ್ಲಿ ಅಲ್ಲಿನ ಮೂವರು ಜನಪ್ರತಿನಿಧಿಗಳು, ಆನಾ ಎಶೂ, ಜೋ ಸಿಮಿಟಿಯನ್ ಮತ್ತು ರಿಚ್ ಗಾರ್ಡನ್, ಅಲ್ಲಿನ ಲೋಕಲ್ ರೈಲಾದ ಕ್ಯಾಲ್‌ಟ್ರೇನ್ ಹಳಿಗೆ ವಿದ್ಯುತ್ ಹಾಕಿ ಅದರಲ್ಲೇ ಎರಡೂ ರೈಲು ಓಡಿಸಿ ಎಂದರು. ಅದೇ ನಿಂತಿತು. 2024ರ ಸೆಪ್ಟೆಂಬರ್‌ನಿಂದ ನಮ್ಮ ಹುಡುಗರು ಆಫೀಸಿಗೆ ಹೋಗುತ್ತಿರುವ ಎಲೆಕ್ಟ್ರಿಕ್ ಕ್ಯಾಲ್‌ಟ್ರೇನ್ ಆ ಜಗಳದ ಕೂಸು ಎಂದರೆ ತಪ್ಪಾಗಲಾರದು. ಬೇಕರ್ಸ್‌ಫೀಲ್ಡ್‌ನಲ್ಲೂ ಹಾಗೆಯೇ. ನಗರ ಹಟ ಹಿಡಿದ ಮೇಲೆ ಸ್ಥಳೀಯರೇ ಮುಂದಿಟ್ಟ ದಾರಿಯನ್ನು ಎಫ್ ಸ್ಟ್ರೀಟ್ ನಿಲ್ದಾಣದ ಸಮೇತ ಒಪ್ಪಿಕೊಂಡರು.

ನಿಜ ಹೇಳಬೇಕೆಂದರೆ, ಇದರಲ್ಲಿ ದುಡ್ಡಿದ್ದ, ವಕೀಲರಿದ್ದ ಊರುಗಳಿಗೆ ಜಾಸ್ತಿ ಸಿಕ್ಕಿತು. ಬಡ ಬಡಾವಣೆಗಳಿಗೆ ಅಷ್ಟು ಸಿಗಲಿಲ್ಲ ಎನ್ನುವುದು ನನ್ನ ಅನಿಸಿಕೆ.

ಅಥಾರಿಟಿಯ ಮಂಡಳಿ ಸಭೆಗಳು ಬೇರೆ ಅವಕಾಶ. ಮತ ಹಾಕುವ ಒಂಬತ್ತು ಸದಸ್ಯರು: ಐವರನ್ನು ಗವರ್ನರ್, ಇಬ್ಬರಿಬ್ಬರನ್ನು ಶಾಸನಸಭೆಯ ಎರಡು ಮನೆಗಳು ನೇಮಿಸುತ್ತವೆ. ರಾಜ್ಯ ಸಂಸ್ಥೆಗಳ ಸಭೆ ಬಹಿರಂಗವಾಗಿರಬೇಕು ಎನ್ನುವ ಬ್ಯಾಗ್ಲಿ-ಕೀನ್ ಕಾನೂನಿನ ಪ್ರಕಾರ ಕಾರ್ಯಸೂಚಿಯನ್ನು 10 ದಿನ ಮೊದಲೇ ಹಾಕಬೇಕು, ಜನರಿಗೆ ಮಾತಾಡಲು ಬಿಡಬೇಕು. ಸಾಮಾನ್ಯವಾಗಿ 2 ನಿಮಿಷ. ನಮ್ಮವರು "ಸಭೆಯಲ್ಲಿ ನೆರೆದಿರುವ ಎಲ್ಲರಿಗೂ" ಎಂದು ಶುರುಮಾಡುವಷ್ಟರಲ್ಲಿ ಗಂಟೆ ಬಾರಿಸಿರುತ್ತದೆ. ಬೇಕಾದ್ದನ್ನು ಮೊದಲ ವಾಕ್ಯದಲ್ಲೇ ಹೇಳಿ. ಸದಸ್ಯರು ನಿಮಗೆ ತಿರುಗಿ ಏನೂ ಹೇಳದಿದ್ದರೆ ಬೇಸರ ಬೇಡ, ಅಲ್ಲಿನ ಪದ್ಧತಿಯೇ ಅದು. ಇಂಗ್ಲಿಷ್ ಬರದ ಹಿರಿಯರಿಗೆ ದುಭಾಷಿ ಬೇಕೆಂದು ಮುಂಚೆಯೇ ಕೇಳಬಹುದು. ಸ್ಪ್ಯಾನಿಷ್ ಸುಲಭವಾಗಿ ಸಿಗುತ್ತದೆ. ಕನ್ನಡಕ್ಕೆ ಬೇಗ ಕೇಳಿ.

ಪರಿಸರ ಒಪ್ಪಿಗೆಯ ಹಂತ ಬಹುತೇಕ ಮುಗಿದಿದೆ. 2024ರ ಜೂನ್ ಹೊತ್ತಿಗೆ ಮೊದಲ ಹಂತದ 494 ಮೈಲಿಯಲ್ಲಿ 463 ಮೈಲಿಗೆ ಒಪ್ಪಿಗೆ ಸಿಕ್ಕಿ, ಲಾಸ್ ಏಂಜಲೀಸ್–ಅನಹೈಮ್ ತುಂಡು ಉಳಿದಿತ್ತು. ಅರ್ವೈನ್, ಸೆರಿಟೋಸ್ ಕಡೆಯವರು ಅದರ ಮೇಲೆ ಕಣ್ಣಿಡಿ. ಉಳಿದವರಿಗೆ ಎರಡು ವರ್ಷಕ್ಕೊಮ್ಮೆ ಬರುವ ಅಥಾರಿಟಿಯ ಬಿಸಿನೆಸ್ ಪ್ಲಾನ್ ಇದೆ. ಅಂತಿಮ ಪ್ಲಾನ್ ಪ್ರಕಟಿಸುವ ಕನಿಷ್ಠ 60 ದಿನ ಮೊದಲೇ ಅದರ ಕರಡನ್ನು ಜನರ ಮುಂದಿಡಬೇಕು.

ಜಾಗ ಬಿಟ್ಟುಕೊಡುವಂತೆ ಪತ್ರ ಬಂದವರು ಇವೆಲ್ಲ ಬಿಟ್ಟು ನೇರ ವಕೀಲರ ಹತ್ತಿರ ಹೋಗಿ. ಅಲ್ಲಿಯ ದಾರಿಯೇ ಬೇರೆ. ಒಂದು ಮಾತು ಮಾತ್ರ: ಮೊದಲ ಬೆಲೆಗೆ ಸಹಿ ಹಾಕಬೇಡಿ. ನೀವೇ ಬೇರೆಯವರಿಂದ ಮೌಲ್ಯಮಾಪನ ಮಾಡಿಸಿದರೆ 5,000 ಡಾಲರ್‌ವರೆಗಿನ ಖರ್ಚನ್ನು ಸರ್ಕಾರಿ ಸಂಸ್ಥೆಯೇ ಕೊಡಬೇಕು.

ಮಾವನಿಗೆ ಅವರ ಉತ್ತರದ ಪುಟವನ್ನು ಕಳಿಸಿದ್ದೆ. ಮರುದಿನ ಬೆಳಗ್ಗೆ ಫೋನ್. "ಅಳಿಯಂದ್ರೇ, ಓದ್ದೆ. ಕರೆಂಟ್ ಹೋದಾಗ ಗೇಟ್ ಏನಾಗುತ್ತೆ ಅಂತ ಬರೆದಿಲ್ವಲ್ಲ?" ಕಾಮೆಂಟಿನ ಗಡುವು ಮುಗಿದು ಒಂದೂವರೆ ವರ್ಷದ ಮೇಲಾಗಿತ್ತು. ಏಪ್ರಿಲ್‌ನಲ್ಲಿ ಮಂಡಳಿ ಸಭೆ ಇದೆ, 2 ನಿಮಿಷ ಸಿಗುತ್ತೆ ಎಂದೆ. ಒಂದು ನಿಮಿಷ ಸಾಕು ಅಂದರು.