ಸುಮ್ಮನೆ ಕುಳಿತಾಗಲೇ ಸ್ತಬ್ಧವಾಗುತ್ತಿದ್ದ ಲ್ಯಾಪ್‌ಟಾಪ್

ಎರಡು ವಾರ ನನ್ನ ಲ್ಯಾಪ್‌ಟಾಪ್ ನನ್ನನ್ನು ಆಟವಾಡಿಸಿತು. ಭಾರೀ ಕೆಲಸ ಕೊಟ್ಟರೆ ತಕರಾರಿಲ್ಲದೆ ಮಾಡುತ್ತಿತ್ತು. ನಾನು ಏನನ್ನೋ ಓದುತ್ತಾ ಕುಳಿತಾಗಲೇ ಪರದೆ ಕಲ್ಲಾಗುತ್ತಿತ್ತು. ಮೌಸ್ ಬಾಣ ಅಲುಗದು, ಕ್ಯಾಪ್ಸ್ ಲಾಕ್ ದೀಪವೂ ಹೊತ್ತಿಕೊಳ್ಳದು. ಪವರ್ ಗುಂಡಿಯನ್ನು ಒತ್ತಿ ಹಿಡಿಯುವುದೊಂದೇ ದಾರಿ.

ವಿಂಡೋಸ್ ತನ್ನ ಆಗುಹೋಗುಗಳನ್ನು ದಾಖಲಿಸಿ ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ಸಿಕ್ಕಿದ್ದು ಕರ್ನಲ್-ಪವರ್ 41 ಎಂಬ ದಾಖಲೆ ಮಾತ್ರ. ಯಂತ್ರ ಸರಿಯಾಗಿ ಮುಚ್ಚದೆ ಮತ್ತೆ ಶುರುವಾಯಿತು ಎಂಬುದಷ್ಟೇ ಅದರ ಅರ್ಥ. ಅಷ್ಟು ನನಗೂ ಗೊತ್ತಿತ್ತು! ಡ್ರೈವರ್ ಬದಲಿಸಿದೆ, ರಾತ್ರಿಯಿಡೀ ಮೆಮೊರಿ ಪರೀಕ್ಷೆ ಓಡಿಸಿದೆ, ವಿಂಡೋಸ್ ಅನ್ನು ಹೊಸದಾಗಿ ಹಾಕಿದೆ. ಕೊನೆಯದಂತೂ ಶುದ್ಧ ದಂಡ.

ಸುಳಿವು ಕೊಟ್ಟದ್ದು ಪೆನ್‌ಡ್ರೈವ್‌ನಿಂದ ಓಡಿಸಿದ ಲಿನಕ್ಸ್. ಸುಮ್ಮನೆ ಬಿಟ್ಟ 20 ನಿಮಿಷಕ್ಕೆ ಅದೂ ಸ್ತಬ್ಧವಾಯಿತು. ಅಂದರೆ ತಪ್ಪು ವಿಂಡೋಸ್‌ನದಲ್ಲ. ಯಂತ್ರ ಶುರುವಾಗುವಾಗ ಮೊದಲು ಓಡುವ ತಂತ್ರಾಂಶವಾದ ಬಯಾಸ್‌ನಲ್ಲಿ ಸಿ-ಸ್ಟೇಟ್ ಅನ್ನು, ಅಂದರೆ ಬಿಡುವಿದ್ದಾಗ ಪ್ರೊಸೆಸರ್ ನಿದ್ದೆಗೆ ಜಾರುವ ಏರ್ಪಾಟನ್ನು, ನಿಲ್ಲಿಸಿ ನೋಡಿದೆ. ಎರಡು ದಿನ ನೆಮ್ಮದಿ, ಆದರೆ ಬ್ಯಾಟರಿ ಬೇಗ ಖಾಲಿ. ತಯಾರಕರ ತಾಣದಲ್ಲಿ ಹೊಸ ಬಯಾಸ್ ಇತ್ತು; ಬಿಡುವಿನಲ್ಲಿ ಸ್ಥಗಿತಗೊಳ್ಳುವ ದೋಷ ಸರಿಪಡಿಸಿದ್ದಾಗಿ ಒಂದೇ ಸಾಲಿನ ಟಿಪ್ಪಣಿ.

ಹಾಕುವ ಮುನ್ನ ಬಿಟ್‌ಲಾಕರ್ ಅನ್ನು, ಅಂದರೆ ಡಿಸ್ಕ್‌ನಲ್ಲಿರುವುದನ್ನು ಗೂಢಲಿಪಿಯಲ್ಲಿ ಕಾಪಾಡುವ ವಿಂಡೋಸ್ ಬೀಗವನ್ನು, ತಾತ್ಕಾಲಿಕವಾಗಿ ತಡೆಹಿಡಿದೆ. ಇಲ್ಲವಾದರೆ ಅದು 48 ಅಂಕಿಗಳ ಕೀಲಿ ಕೇಳಬಹುದು. ಚಾರ್ಜರ್ ಸಿಕ್ಕಿಸಿ, ಮಾದರಿ ಸಂಖ್ಯೆಯನ್ನು ಎರಡು ಬಾರಿ ತಾಳೆ ನೋಡಿದೆ. ಆಮೇಲೆ ಐದು ನಿಮಿಷ ಕಪ್ಪು ಪರದೆ, ಭೋರೆನ್ನುವ ಫ್ಯಾನ್. ಕೈ ಗುಂಡಿಯತ್ತ ಹೋಗುತ್ತಲೇ ಇತ್ತು, ತಡೆದುಕೊಂಡೆ. ನಡುವೆ ನಿಂತರೆ ಯಂತ್ರ ಮತ್ತೆ ಏಳದೆಯೇ ಹೋಗಬಹುದು.

ಸಿ-ಸ್ಟೇಟ್ ಮತ್ತೆ ಚಾಲೂ ಮಾಡಿ 34 ದಿನವಾಯಿತು. ಒಮ್ಮೆಯೂ ನಿಂತಿಲ್ಲ.