ತಿಂದ ಏಟಿನ ಲೆಕ್ಕ: ತಡವಾಗಿ ಶುರು ಮಾಡಿದವನು ಪ್ರೊ ಬಾಕ್ಸಿಂಗ್‌ಗೆ ಹೋಗಬೇಕಾ?

ಮೊದಲ ಸಲ ಕೈಗೆ ಪಟ್ಟಿ ಸುತ್ತಿಕೊಂಡಾಗ ನನಗೆ 27 ವರ್ಷ. ಹೊಟ್ಟೆ ಕರಗಿಸೋಣ ಅಂತ ಹೋಗಿದ್ದೆ, ಅಷ್ಟೇ. ಆರು ತಿಂಗಳಲ್ಲಿ ಹೊಟ್ಟೆ ಕರಗಿತು, ಹುಚ್ಚು ಹತ್ತಿಕೊಂಡಿತು. ಕೋಚ್ ಹಿಡಿದ ಪ್ಯಾಡ್ ಮೇಲೆ ಸರಿಯಾಗಿ ಬಿದ್ದ ಒಂದು ಹುಕ್‌ನ (ಪಕ್ಕದಿಂದ ಬೀಸುವ ಏಟಿನ) ಸದ್ದು ಮರುದಿನ ಕೆಲಸದ ಮಧ್ಯೆಯೂ ಕಿವಿಯಲ್ಲೇ ಇರುತ್ತಿತ್ತು. 31ಕ್ಕೆ ಬರುವಷ್ಟರಲ್ಲಿ 11 ಅಮೆಚೂರ್ ಪಂದ್ಯ, ಅಂದರೆ ದುಡ್ಡಿಗಲ್ಲದೆ ಆಡುವ ಪಂದ್ಯ, ಆಡಿದ್ದೆ. ಏಳು ಗೆದ್ದಿದ್ದೆ, ನಾಲ್ಕು ಸೋತಿದ್ದೆ.

ಆಗ ಒಂದು ಫೋನ್ ಬಂತು. ಪ್ರೊಫೆಷನಲ್ ಪಂದ್ಯ, ನಾಲ್ಕು ರೌಂಡ್, ಆರು ವಾರ ಟೈಮ್ ಇದೆ, ಆಡ್ತೀರಾ ಅಂತ. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಓಡಿಹೋಗಿ ಕೋಚ್‌ಗೆ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು.

"ಎದುರಾಳಿ ಯಾರು ಅಂತ ವಿಚಾರಿಸಿದ್ಯಾ?"

ವಿಚಾರಿಸಿರಲಿಲ್ಲ. ಮರುದಿನ ಕೇಳಿದೆ. 22ರ ಹುಡುಗ, ಐದು ಪಂದ್ಯ ಆಡಿ ಐದನ್ನೂ ಗೆದ್ದವನು.

"ಅವನ ಆರನೇ ಗೆಲುವಿಗೆ ಜನ ಹುಡುಕ್ತಿದ್ದಾರೆ," ಅಂದರು ಸರ್. "ಹೋಗಬೇಡ ಅನ್ನಲ್ಲ. ಆದ್ರೆ ಒಂದು ವರ್ಷ ಕೊಡು. ಆಮೇಲೆ ಇಬ್ಬರೂ ಕೂತು ಮಾತಾಡೋಣ."

ಈ ವ್ಯವಹಾರ ಹೇಗೆ ನಡೆಯುತ್ತದೆ ಅಂತ ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು. ಪ್ರೊ ಬಾಕ್ಸಿಂಗ್‌ನಲ್ಲಿ ಶುರುವಿನ ಪಂದ್ಯಗಳಿಗೆ ಅಮೆಚೂರ್ ಟೂರ್ನಮೆಂಟ್ ಥರ ಚೀಟಿ ಎತ್ತಿ ಜೋಡಿ ಮಾಡುವುದಿಲ್ಲ. ಒಂದು ಮೂಲೆಯಲ್ಲಿ ಬೆಳೆಸಬೇಕಾದ ಹುಡುಗ, ಅವನ ಟಿಕೆಟ್ ಕೊಂಡು ಬಂದ ಅವನದೇ ಜನ. ಇನ್ನೊಂದು ಮೂಲೆಗೆ ಯಾರಾದರೂ ಬೇಕು. ತಡವಾಗಿ ಶುರು ಮಾಡಿದವನು, ಅಷ್ಟಿಷ್ಟು ಅನುಭವ ಇರುವವನು, ಸೋತರೆ ಯಾರೂ ಕೇಳದವನು ಆ ಮೂಲೆಗೆ ಸರಿಯಾಗಿ ಹೊಂದುತ್ತಾನೆ. ನನ್ನನ್ನು ಕರೆದದ್ದು ಅದಕ್ಕೇ.

ಬೇಜಾರಾಯಿತು. ಆದರೂ ಆಸೆ ಹೋಗಲಿಲ್ಲ. ತಡವಾಗಿ ಬಂದು ಗೆದ್ದವರ ಹೆಸರು ಹುಡುಕುತ್ತಾ ಕೂತೆ. ಈ ಪ್ರಶ್ನೆ ತಲೆಗೆ ಹೊಕ್ಕ ಎಲ್ಲರೂ ಮೊದಲು ಮಾಡುವುದು ಅದನ್ನೇ, ಅಲ್ವಾ? ಹೆಸರುಗಳು ಸಿಗುತ್ತವೆ ಕೂಡ. ಡಿಯಾಂಟೆ ವೈಲ್ಡರ್ 20ಕ್ಕೆ ಗ್ಲೌಸ್ ಹಾಕಿ, ಮೂರು ವರ್ಷ ತುಂಬುವ ಮೊದಲೇ 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಕಂಚು ತಂದ, 2015ರಲ್ಲಿ ಹೆವಿವೇಯ್ಟ್ ಚಾಂಪಿಯನ್ ಆದ. ಸೆರ್ಜಿಯೊ ಮಾರ್ಟಿನೆಜ್ ಕೂಡ 20ಕ್ಕೆ ಶುರು ಮಾಡಿ 2010ರಲ್ಲಿ ಮಿಡಲ್‌ವೇಯ್ಟ್ ಪಟ್ಟ ಗೆದ್ದ. ರಾನ್ ಲೈಲ್ ಅಂತೂ ಜೈಲಿನಲ್ಲಿ ಬಾಕ್ಸಿಂಗ್ ಕಲಿತು, 1971ರಲ್ಲಿ 30ನೇ ವಯಸ್ಸಿಗೆ ಪ್ರೊ ಆಗಿ, 1975ರಲ್ಲಿ ಮೊಹಮ್ಮದ್ ಅಲಿ ಎದುರು ನಿಂತ.

ಎಷ್ಟೋ ರಾತ್ರಿ ಈ ಹೆಸರುಗಳನ್ನೇ ಜಪ ಮಾಡಿದ್ದೇನೆ. ಆಮೇಲೆ ನಿಧಾನಕ್ಕೆ ಬೇರೆ ವಿಷಯ ಕಾಣತೊಡಗಿತು. ವೈಲ್ಡರ್ ಆರಡಿ ಏಳಂಗುಲ ಎತ್ತರ, ಒಂದೇ ಬಲಗೈ ಏಟಿಗೆ ಪಂದ್ಯ ಮುಗಿಸುವವನು. ಲೈಲ್ ಕೂಡ ಹೆವಿವೇಯ್ಟ್. ಆ ತೂಕದಲ್ಲಿ ಒಂದು ಏಟು ಹತ್ತು ತಪ್ಪನ್ನು ಮುಚ್ಚಿಬಿಡುತ್ತದೆ. ಮಾರ್ಟಿನೆಜ್ ಚಿಕ್ಕಂದಿನಿಂದ ಫುಟ್‌ಬಾಲ್, ಸೈಕ್ಲಿಂಗ್ ಮಾಡಿದವನು, ಕಾಲು ಮೊದಲೇ ತಯಾರಾಗಿದ್ದವು. ನಾನು 63 ಕಿಲೋದವನು. ನನ್ನ ತೂಕದಲ್ಲಿ ಎಲ್ಲರ ಕೈಯೂ ಚುರುಕು, ಒಂದೇ ಏಟಿಗೆ ಬೀಳುವವರು ಕಡಿಮೆ. ಅಲ್ಲಿ ಬೇಕಾಗಿರುವುದು ಕಣ್ಣು ಮತ್ತು ಅಂದಾಜು. ಅವು ಬರುವುದು ರೌಂಡ್‌ಗಳನ್ನು ಕಳೆದೇ.

ನನ್ನ ಇಡೀ ತೀರ್ಮಾನ ನಿಂತಿದ್ದು ಇಲ್ಲೇ. ಹತ್ತು ವರ್ಷದ ಹುಡುಗ ಸ್ಪಾರಿಂಗ್ (ಅಭ್ಯಾಸಕ್ಕೆ ಇಬ್ಬರು ಎದುರುಬದುರು ಆಡುವುದು) ಮಾಡುವಾಗ ಎದುರಿಗಿರುವವನಿಗೂ ಹತ್ತೇ ವರ್ಷ. ಸಾವಿರ ಏಟು ತಿಂದರೂ ಅವು ಮಕ್ಕಳ ಏಟು. ತಪ್ಪಿಸಿಕೊಳ್ಳುವುದನ್ನು ಅವನು ಅಗ್ಗದಲ್ಲಿ ಕಲಿಯುತ್ತಾನೆ. ಎದುರಿನವರ ಕೈಗೆ ಬಲ ಬರುವಷ್ಟರಲ್ಲಿ ಇವನ ತಲೆ ತಾನಾಗೇ ಪಕ್ಕಕ್ಕೆ ಸರಿಯುತ್ತಿರುತ್ತದೆ. ಉಕ್ರೇನಿನ ಬಾಕ್ಸರ್ ವಾಸಿಲ್ ಲೊಮಚೆಂಕೊ ಪ್ರೊ ಆಗುವ ಹೊತ್ತಿಗೆ ಸುಮಾರು 400 ಅಮೆಚೂರ್ ಪಂದ್ಯ ಮುಗಿಸಿದ್ದ. 27ಕ್ಕೆ ಶುರು ಮಾಡಿದವನು ಅದೇ ಪಾಠವನ್ನು ಬೆಳೆದ ಗಂಡಸರ ಕೈಯಿಂದ ಕಲಿಯಬೇಕು. ಪಾಠ ಅದೇ, ಆದರೆ ಬೆಲೆಯನ್ನು ತಲೆ ತೆರುತ್ತದೆ.

ಹಾಗಾಗಿ "ನನಗೆ ವಯಸ್ಸಾಯ್ತಾ?" ಅಂತ ಕೇಳುವುದನ್ನು ಬಿಟ್ಟೆ. ಕಲಿಯಲು ಇನ್ನೂ ಎಷ್ಟು ಏಟು ತಿನ್ನಬೇಕು, ಅದು ಕಡಿಮೆ ಆಗುತ್ತಾ ಇದೆಯಾ ಅಂತ ನೋಡಲು ಶುರು ಮಾಡಿದೆ.

ಒಂದು ನೋಟ್‌ಬುಕ್ ಇಟ್ಟೆ. ಸ್ಪಾರಿಂಗ್ ದಿನ ರಿಂಗಿನ ಕಂಬದ ಪಕ್ಕ ಸ್ಟ್ಯಾಂಡ್ ಇಟ್ಟು ಮೊಬೈಲ್ ಸಿಕ್ಕಿಸುತ್ತಿದ್ದೆ. ರಾತ್ರಿ ಮನೆಗೆ ಬಂದು ನಿಧಾನಗತಿಯಲ್ಲಿ ನೋಡಿ, ತಲೆಗೆ ಸರಿಯಾಗಿ ಬಿದ್ದ ಏಟು ಮಾತ್ರ ಎಣಿಸುತ್ತಿದ್ದೆ. ಗ್ಲೌಸಿಗೆ, ತೋಳಿಗೆ ತಾಗಿದ್ದು ಲೆಕ್ಕಕ್ಕಿಲ್ಲ. ಹೊಟ್ಟೆ, ಪಕ್ಕೆಗೆ ಬಿದ್ದದ್ದೂ ಇಲ್ಲ, ಅದು ನೋಯುತ್ತದೆ, ವಾಸಿಯಾಗುತ್ತದೆ. ರೌಂಡ್ ನಂಬರ್, ಏಟಿನ ಸಂಖ್ಯೆ, ಯಾವ ಏಟು, ಆಗ ನಾನು ಏನು ಮಾಡುತ್ತಿದ್ದೆ. ನಾಲ್ಕೇ ಕಾಲಂ. ಮೊದಲ ತಿಂಗಳು ಮೂರು ನಿಮಿಷದ ಒಂದು ರೌಂಡಿಗೆ ಸರಾಸರಿ 14 ಬಂತು. ನಾನು ಐದೋ ಆರೋ ಅಂದುಕೊಂಡಿದ್ದೆ! ರಿಂಗಿನೊಳಗೆ ಇರುವಾಗ ಅರ್ಧಕ್ಕರ್ಧ ಏಟು ಗೊತ್ತೇ ಆಗುವುದಿಲ್ಲ.

ನಾಲ್ಕನೇ ಕಾಲಂ ನನ್ನ ಕಣ್ಣು ತೆರೆಸಿತು. ಒಂದು ರಾತ್ರಿ ಒಂದೇ ಏಟನ್ನು ಇಪ್ಪತ್ತು ಸಲ ಹಿಂದೆ ಮುಂದೆ ಮಾಡಿ ನೋಡಿದೆ. ನಾನು ಜ್ಯಾಬ್ (ಮುಂದಿನ ಕೈಯ ನೇರ ಏಟು) ಹಾಕುತ್ತೇನೆ, ಸರಿಯಾಗಿದೆ. ಹಿಂದೆಯೇ ಬಲಗೈ ಬಿಡುತ್ತೇನೆ. ಬಲಗೈ ಗದ್ದ ಬಿಟ್ಟು ಹೊರಟ ಕೂಡಲೇ ನನ್ನ ಎರಡೂ ಕಣ್ಣು ಮುಚ್ಚಿಕೊಳ್ಳುತ್ತವೆ. ರೆಪ್ಪೆ ಬಡಿಯುವುದಲ್ಲ, ಮುಖ ಕಿವುಚಿ ಗಟ್ಟಿಯಾಗಿ ಮುಚ್ಚುವುದು. ಮತ್ತೆ ತೆರೆಯುವಷ್ಟರಲ್ಲಿ ಅವನ ಲೆಫ್ಟ್ ಹುಕ್ ನನ್ನ ಬಲ ದವಡೆಯ ಮೇಲಿದೆ. ತಿಂದ ಏಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ಬಂದದ್ದು ಹೀಗೆಯೇ, ನಾನೇ ಹೊಡೆಯುತ್ತಿರುವಾಗ. ಆ ದಿನ ನನ್ನ ಎದುರಿಗಿದ್ದವನು ಒಂಬತ್ತನೇ ವಯಸ್ಸಿಗೆ ಶುರು ಮಾಡಿದ 19ರ ಹುಡುಗ. ಅದೇ ವಿಡಿಯೋದಲ್ಲಿ ಅವನ ಕಣ್ಣು ನೋಡಿದೆ. ನನ್ನ ಗ್ಲೌಸ್ ಅವನ ಹಣೆಗೆ ತಾಗುವಾಗಲೂ ತೆರೆದೇ ಇದ್ದವು.

ಸರ್‌ಗೆ ತೋರಿಸಿದೆ. ಅವರು ನನ್ನ ಗಟ್ಟಿ ಸ್ಪಾರಿಂಗ್ ಎರಡು ತಿಂಗಳು ಪೂರ್ತಿ ನಿಲ್ಲಿಸಿದರು. ಹತ್ತರಲ್ಲಿ ಎರಡು ಪಾಲು ಬಲ ಹಾಕಿ ಬರೀ ತಟ್ಟುವ ಸ್ಪಾರಿಂಗ್, ದಾರಕ್ಕೆ ಕಟ್ಟಿದ ಟೆನಿಸ್ ಬಾಲ್ ಮುಂದೆ ತಲೆ ಆಡಿಸುವುದು, ಪ್ಯಾಡ್ ಹಿಡಿದವರು ನನ್ನ ರೈಟ್ ಬಿದ್ದ ಮೇಲೆ ಪ್ರತಿ ಸಲ ಒಂದು ಹುಕ್ ಬೀಸುವುದು. ತಡವಾಗಿ ಶುರು ಮಾಡಿದ ಯಾರಿಗೇ ಆಗಲಿ ನಾನು ಮೊದಲು ಹೇಳುವುದು ಈ ತಟ್ಟುವ ಸ್ಪಾರಿಂಗ್ ಬಗ್ಗೆಯೇ. ಮಕ್ಕಳಿಗೆ ಸಿಗುವ ಅಗ್ಗದ ಪಾಠಕ್ಕೆ ಸ್ವಲ್ಪವಾದರೂ ಹತ್ತಿರ ಬರುವುದು ಅದೊಂದೇ. ನನಗೆ ಫಲ ಸಿಕ್ಕಿತು. ರೌಂಡಿಗೆ ತಿನ್ನುವ ಏಟು ನಾಲ್ಕನೇ ತಿಂಗಳಿಗೆ 11, ಏಳನೇ ತಿಂಗಳಿಗೆ 9. ಆಮೇಲೆ ಅಲ್ಲೇ ನಿಂತಿತು. ಎಂಟನೇ ತಿಂಗಳೂ 9, ಒಂಬತ್ತನೇ ತಿಂಗಳೂ 9.

ಹತ್ತನೇ ತಿಂಗಳಲ್ಲಿ ಸರ್ ಒಂದು ಪರೀಕ್ಷೆ ಇಟ್ಟರು. ಪ್ರೊ ಪಂದ್ಯದ ಹಾಗೇ ನಾಲ್ಕು ರೌಂಡ್, ಮೂರು ಮೂರು ನಿಮಿಷ, ನಡುವೆ ಒಂದು ನಿಮಿಷ ಬಿಡುವು, ಎರಡು ರೌಂಡಿಗೊಬ್ಬ ಹೊಸ ಎದುರಾಳಿ. ಅಮೆಚೂರ್‌ನಲ್ಲಿ ಮೂರು ರೌಂಡ್ ತಾನೇ, ಇನ್ನೊಂದು ಜಾಸ್ತಿ ಆದರೆ ಏನು ಅಂದುಕೊಂಡಿದ್ದೆ. ರಾತ್ರಿ ಎಣಿಸಿದೆ: 8, 9, 9, 17. ನಾಲ್ಕನೇ ರೌಂಡಿನಲ್ಲಿ ಸುಸ್ತಾದ ಕೂಡಲೇ ಕಣ್ಣು ಮತ್ತೆ ಮುಚ್ಚತೊಡಗಿದ್ದವು. ಹತ್ತು ತಿಂಗಳು ಕಲಿತದ್ದೆಲ್ಲ ಬೆವರಿನ ಜೊತೆ ಇಳಿದುಹೋಗಿತ್ತು.

ಒಟ್ಟು 43. ಅದೂ 16 ಔನ್ಸ್ ಗ್ಲೌಸ್‌ನಲ್ಲಿ, ಹೆಡ್‌ಗಾರ್ಡ್ ಹಾಕಿಕೊಂಡು, ನನ್ನನ್ನು ಬೀಳಿಸುವ ಇರಾದೆ ಇಲ್ಲದ ಗೆಳೆಯರಿಂದ. ನನ್ನ ತೂಕದಲ್ಲಿ ಅಮೆಚೂರ್ ಪಂದ್ಯದ ಗ್ಲೌಸ್ 10 ಔನ್ಸ್, ಪ್ರೊ ಪಂದ್ಯದ್ದು 8 ಔನ್ಸ್, ಅಂದರೆ 230 ಗ್ರಾಮ್‌ಗೂ ಕಡಿಮೆ. ಪ್ರೊನಲ್ಲಿ ಹೆಡ್‌ಗಾರ್ಡ್ ಇಲ್ಲ. ಹೆಡ್‌ಗಾರ್ಡ್ ಚರ್ಮ ಸೀಳುವುದನ್ನು ತಪ್ಪಿಸುತ್ತದೆ, ಮಿದುಳು ಅಲುಗುವುದನ್ನಲ್ಲ ಅನ್ನುವುದು ನಿಜ. ಆದರೂ ಆ 43ನ್ನು 8 ಔನ್ಸ್ ಗ್ಲೌಸ್‌ನಲ್ಲಿ ಊಹಿಸಿಕೊಂಡಾಗ ಎದೆ ಧಸಕ್ಕೆಂದಿತು.

ಇನ್ನೊಂದು ವಿಷಯವನ್ನು ಎಷ್ಟೋ ದಿನ ಯಾರಿಗೂ ಹೇಳಿರಲಿಲ್ಲ. ಅದೇ ವಿಡಿಯೋದಲ್ಲಿ ಮೂರನೇ ರೌಂಡ್ ಮುಗಿದು ನಾನು ಮೂಲೆಗೆ ಬಂದು ಕೂತಿದ್ದೇನೆ. ಸರ್ ಏನೋ ಹೇಳುತ್ತಾರೆ, ನಾನು ತಲೆ ಆಡಿಸಿ ಏನೋ ಉತ್ತರ ಕೊಡುತ್ತೇನೆ, ನಗುತ್ತೇನೆ. ಆ ಒಂದು ನಿಮಿಷ ನನಗೆ ನೆನಪೇ ಇಲ್ಲ. ನನ್ನದೇ ಮುಖ, ನನ್ನದೇ ನಗು, ಯಾರನ್ನೋ ನೋಡಿದ ಹಾಗೆ ನೋಡಿದೆ.

ಬಹಳ ಕಡೆ ಪ್ರೊ ಲೈಸೆನ್ಸ್‌ಗೆ ಮಿದುಳಿನ ಸ್ಕ್ಯಾನ್, ಕಣ್ಣಿನ ಪರೀಕ್ಷೆ, ಎಚ್‌ಐವಿ ಮತ್ತು ಹೆಪಟೈಟಿಸ್‌ಗೆ ರಕ್ತ ಪರೀಕ್ಷೆ ಕೇಳುತ್ತಾರೆ. ನಾನು ಎಲ್ಲ ಮಾಡಿಸಿದ್ದೆ, ಎಲ್ಲ ನಾರ್ಮಲ್. ಆ ಕಾಗದ ಹಿಡಿದು ಒಂದು ವಾರ ಖುಷಿಯಾಗಿದ್ದೆ ಕೂಡ. ಆದರೆ ಸ್ಕ್ಯಾನ್ ತೋರಿಸುವುದು ರಕ್ತಸ್ರಾವ, ಕಣ್ಣಿಗೆ ಕಾಣುವ ಗಾಯ ಇಂಥದ್ದನ್ನು. ಬಾಕ್ಸರ್‌ಗಳಿಗೆ ವರ್ಷಗಟ್ಟಲೆ ತಿಂದ ಏಟಿನಿಂದ ನಡಿಗೆ, ಮಾತು, ನೆನಪು ಕೆಡುತ್ತದೆ ಅಂತ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಎಂಬ ವೈದ್ಯರು 1928ರಲ್ಲೇ ಬರೆದಿದ್ದರು. ಇವತ್ತು ಸಿಟಿಇ ಅಂತ ಕರೆಯುವ ಆ ಕಾಯಿಲೆಯನ್ನು ಖಚಿತವಾಗಿ ಹೇಳಲು ಸಾಧ್ಯವಾಗುವುದು ಸತ್ತ ಮೇಲೆ ಮಿದುಳನ್ನು ಪರೀಕ್ಷಿಸಿದಾಗಲೇ. ನಾಕ್‌ಔಟ್ ಒಂದೇ ಅಪಾಯವಲ್ಲ. ಬೀಳಿಸದ ಏಟುಗಳೂ ಸೇರುತ್ತಾ ಹೋಗುತ್ತವೆ. ನಾನು ಬೀಳದವನು ಅಂತ ಹೆಮ್ಮೆ ಪಡುತ್ತಿದ್ದೆ. ಬೀಳದಿದ್ದರಿಂದಲೇ ಜಾಸ್ತಿ ತಿನ್ನುತ್ತಿದ್ದೆ.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ಶುರುವಿನ ನಾಲ್ಕು ರೌಂಡ್ ಪಂದ್ಯಗಳ ದುಡ್ಡಲ್ಲಿ ಯಾರ ಮನೆಯೂ ನಡೆಯುವುದಿಲ್ಲ. ಬಂದದ್ದರಲ್ಲಿ ಟ್ರೇನರ್‌ಗೆ ಸಾಮಾನ್ಯವಾಗಿ ಶೇಕಡಾ 10, ಮ್ಯಾನೇಜರ್ ಇದ್ದರೆ ಅದಕ್ಕಿಂತ ಜಾಸ್ತಿ, ಮೇಲೆ ಪರೀಕ್ಷೆ, ಓಡಾಟದ ಖರ್ಚು. ಕೆಲಸ ಬಿಡದೆಯೇ ಮಾಡಬೇಕು. ಕೆಲಸ ಮಾಡಿ ಬಂದವನಿಗೆ ಸಂಜೆ ಉಳಿಯುವ ಶಕ್ತಿಯೇ ನಾಲ್ಕನೇ ರೌಂಡಿನಲ್ಲಿ ಬೇಕಾಗುವ ಶಕ್ತಿ.

ವರ್ಷ ತುಂಬಿದ ದಿನ ನೋಟ್‌ಬುಕ್ ತೆಗೆದುಕೊಂಡು ಸರ್ ಹತ್ತಿರ ಹೋದೆ. ಕೊನೆಯ ಪುಟ ತೆರೆದು ಅವರ ಮುಂದೆ ಇಟ್ಟೆ. ಅವರು ಓದಿ ಮುಚ್ಚಿದರು.

"ನೀನೇ ಹೇಳು," ಅಂದರು.

"ಬೇಡ ಸರ್."

ಹೇಳುವಾಗ ಗಂಟಲು ಕಟ್ಟಿತು. ಆ ರಾತ್ರಿ ನಿದ್ದೆ ಬರಲಿಲ್ಲ. ಮುಂದೆ ಎರಡು ತಿಂಗಳು ಬ್ಯಾಗ್ ಹೊಡೆಯಲೂ ಮನಸ್ಸು ಬರಲಿಲ್ಲ. ಸರಿಯಾದ ತೀರ್ಮಾನ ಮಾಡಿದರೆ ಮನಸ್ಸು ಹಗುರ ಆಗುತ್ತದೆ ಅಂತಾರೆ. ನನಗೆ ಹಾಗಾಗಲಿಲ್ಲ. ನನಗಿದ್ದ ಒಂದು ದೊಡ್ಡ ಆಸೆಯನ್ನು ಕೈಯಾರೆ ಮಣ್ಣು ಮಾಡಿದ ಹಾಗಿತ್ತು. ಈಗಲೂ ಅಮೆಚೂರ್ ಪಂದ್ಯ ಆಡುತ್ತೇನೆ, ವರ್ಷಕ್ಕೆ ಒಂದೋ ಎರಡೋ. ಅಂತರರಾಷ್ಟ್ರೀಯ ಅಮೆಚೂರ್ ನಿಯಮದಲ್ಲಿ ವಯಸ್ಸಿನ ಮಿತಿ 40, ಅಲ್ಲಿಯ ತನಕ ಆಡಬೇಕು ಅಂತಿದೆ. ಗಟ್ಟಿ ಸ್ಪಾರಿಂಗ್ ಪಂದ್ಯಕ್ಕೆ ಮುಂಚೆ ಮಾತ್ರ.

ಇಷ್ಟು ಓದಿ, ತಡವಾಗಿ ಬಂದವರೆಲ್ಲ ಬೇಡ ಅನ್ನಬೇಕು ಅಂತ ದಯವಿಟ್ಟು ತಿಳಿಯಬೇಡಿ. ನಮ್ಮಲ್ಲೇ ಒಬ್ಬಳು ಹುಡುಗಿ ಇದ್ದಾಳೆ. ಶಾಲೆಯಿಂದ ದೂರದ ಓಟ ಓಡುತ್ತಿದ್ದವಳು, 24ಕ್ಕೆ ಗ್ಲೌಸ್ ಹಾಕಿದಳು. ನನ್ನ ನೋಟ್‌ಬುಕ್ ನೋಡಿ ಅವಳೂ ಒಂದು ಇಟ್ಟಳು. ಮಹಿಳೆಯರ ರೌಂಡ್ ಪ್ರೊನಲ್ಲಿ ಸಾಮಾನ್ಯವಾಗಿ ಎರಡು ನಿಮಿಷ, ಅವಳು ಎಣಿಸಿದ್ದೂ ಹಾಗೇ. ಮೊದಲು ರೌಂಡಿಗೆ 7 ಇತ್ತು. ಆರು ತಿಂಗಳಲ್ಲಿ 4, ವರ್ಷಕ್ಕೆ 2. ಮುಖ್ಯವಾಗಿ, ಅವಳ ಕೊನೆಯ ರೌಂಡಿನ ಲೆಕ್ಕ ಮೊದಲ ರೌಂಡಿನಷ್ಟೇ ಇರುತ್ತಿತ್ತು. ಓಟದ ಶ್ವಾಸ ಅವಳ ಕಣ್ಣನ್ನು ಕೊನೆಯ ತನಕ ತೆರೆದಿಡುತ್ತಿತ್ತು. 14 ಅಮೆಚೂರ್ ಪಂದ್ಯ ಆದ ಮೇಲೆ ಅವಳಿಗೂ ಫೋನ್ ಬಂತು. ಸರ್ ಎರಡು ಎದುರಾಳಿಗಳನ್ನು ಬೇಡ ಅಂದರು. ಮೂರನೆಯವಳು ಒಂದು ಗೆದ್ದು ಒಂದು ಸೋತವಳು, ಹೆಚ್ಚುಕಡಿಮೆ ಇವಳಷ್ಟೇ ಅನುಭವ. ಅದಕ್ಕೆ ಹೂಂ ಅಂದರು.

ಪಂದ್ಯದ ದಿನ ಅವಳ ಮೂಲೆಯಲ್ಲಿ ಸ್ಟೂಲು, ಬಕೆಟ್ಟು ನನ್ನ ಪಾಲಿಗೆ. ಎರಡನೇ ರೌಂಡ್ ಮುಗಿದ ಗಂಟೆ ಬಾರಿಸಿತು. ಸ್ಟೂಲ್ ಒಳಗೆ ತಳ್ಳಿದೆ. ಅವಳು ಕೂತು ಉಸಿರು ಎಳೆದುಕೊಂಡಳು. ಸರ್ ಮೌತ್‌ಗಾರ್ಡ್ ತೆಗೆದು ನೀರು ಕುಡಿಸಿದರು. ಉಗಿದು, ನನ್ನ ಕಡೆ ತಿರುಗಿದಳು.

"ಎಷ್ಟಣ್ಣ?"

"ಮೂರು. ಮೂರೂ ನಿನ್ನ ರೈಟ್ ಆದ ಮೇಲೆ."

ತಲೆ ಆಡಿಸಿದಳು. ಸರ್ ಮೌತ್‌ಗಾರ್ಡ್ ಮತ್ತೆ ಬಾಯಿಗಿಟ್ಟು, ಅವಳ ಬಲಗೈಯನ್ನು ಹಿಡಿದು ಗದ್ದದ ಪಕ್ಕಕ್ಕೆ ತಂದು ಒತ್ತಿದರು. ನಾನು ಸ್ಟೂಲ್ ಎಳೆದುಕೊಂಡು ಕೆಳಗಿಳಿದೆ.